ಮಂಡಿಯೊಳಗಿನ ಚೇಂಜಸ್ಸು

ಡಾಕ್ಟರು ಅಂದಮೇಲೆ ಬೈಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕಾಲದ ಡಾಕ್ಟರು ಹಾಗೇ ಇದ್ದರು. ಬಾಗಿಲಲ್ಲಿ ಮುಖ ಕಂಡ ಕೂಡಲೇ "ಇಷ್ಟು ದಿನ ಏನ್ ಮಾಡ್ತಿದ್ದೆ, ಕತ್ತೆ ಕಾಯ್ತಿದ್ದ್ಯಾ?" ಎಂದು ಶುರುಮಾಡಿ, ಸೂಜಿ ಚುಚ್ಚಿ, ಬಣ್ಣಬಣ್ಣದ ಮಾತ್ರೆ ಕಟ್ಟಿಕೊಟ್ಟು, "ಉಪ್ಪಿನಕಾಯಿ ಮುಟ್ಟಿದ್ರೆ ಇತ್ತ ಬರಬೇಡ" ಎಂದು ಅಟ್ಟುತ್ತಿದ್ದರು. ಬೈಸಿಕೊಂಡು ಹೊರಗೆ ಬಂದರೆ ಅರ್ಧ ಕಾಯಿಲೆಯನ್ನು ಅಲ್ಲೇ ಬಿಟ್ಟು ಬಂದಂತಾಗುತ್ತಿತ್ತು. ಏನು ಮಾಡಬೇಕು, ಏನು ಮಾಡಬಾರದು ಎಂದು ತಲೆ ಕೆಡಿಸಿಕೊಳ್ಳುವುದು ಅವರ ಕೆಲಸ, ಮಾತ್ರೆ ನುಂಗುವುದು ನಮ್ಮ ಕೆಲಸ. ಈಗಿನ ಡಾಕ್ಟರುಗಳಿಗೆ ಯಾರು ಕಲಿಸಿಕೊಟ್ಟರೋ ಕಾಣೆ, ಎಲ್ಲವನ್ನೂ ನಗುನಗುತ್ತಾ ವಿವರಿಸಿ ಕೊನೆಗೆ "ನೀವೇ ಮನೇಲಿ ಕೂತು ಡಿಸೈಡ್ ಮಾಡಿ" ಎನ್ನುತ್ತಾರೆ. ಮನೆಯಲ್ಲೇ ಕೂತು ಡಿಸೈಡ್ ಮಾಡುವ ಹಾಗಿದ್ದರೆ ನಾವು ಚಿಕ್ಕಲಸಂದ್ರದಿಂದ ಜಯನಗರದವರೆಗೆ ಆಟೋದಲ್ಲಿ ಸೊಂಟ ಕುಲುಕಿಸಿಕೊಂಡು ಯಾಕೆ ಹೋಗುತ್ತಿದ್ದೆವು? ನಾನು ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಮಳೆ ಬಂದರೆ ರಜೆ, ಹುರುಳಿ ಕೀಳುವ ಕಾಲ ಬಂದರೆ ರಜೆ. ಅಂಥವಳು ಮಂಡಿಯ ವಿಚಾರದಲ್ಲಿ ತೀರ್ಪು ಕೊಡಬೇಕಾಗಿ ಬಂತು ಎಂದರೆ ಕಾಲ ಹೇಗೆ ಕೆಟ್ಟಿದೆ ನೋಡಿ.

ಮಂಡಿ ನನ್ನದಲ್ಲ, ನನ್ನ ಮೊಮ್ಮಗಳು ನಂದಿನಿಯದು. ಅವಳು ಕಾಲೇಜಿನ ಖೋ ಖೋ ತಂಡದಲ್ಲಿ ಆಡುವವಳು. ಎರಡು ವರ್ಷದ ಹಿಂದೆ ಕಂಬ ಹಿಡಿದು ಗಿರಕ್ಕನೆ ತಿರುಗುವಾಗ ಕಾಲು ನೆಲದಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಟಪ್ಪೆಂದ ಸದ್ದು ತನಗೇ ಕೇಳಿಸಿತು ಎನ್ನುತ್ತಾಳೆ. ಒಳಗಿನ ಹಗ್ಗ, ಅವರ ಭಾಷೆಯಲ್ಲಿ ಲಿಗಮೆಂಟು, ಹರಿದುಹೋಗಿತ್ತು. ಅವಳ ತೊಡೆಯಿಂದಲೇ ಒಂದು ನರ ತೆಗೆದು ಹೊಸ ಹಗ್ಗ ಕಟ್ಟಿದರು. ಸೀರೆಯ ಸೆರಗನ್ನು ಕತ್ತರಿಸಿ ಅದೇ ಸೀರೆಯ ರವಿಕೆಗೆ ತೇಪೆ ಹಾಕಿದಂಥ ಕೆಲಸ. ಸದ್ಯ, ಚೆನ್ನಾಗಿಯೇ ಹಾಕಿದ್ದರು. ತಿಂಗಳುಗಟ್ಟಲೆ ಅದೇನೋ ರಬ್ಬರು ಪಟ್ಟಿ ಕಟ್ಟಿಕೊಂಡು ಕಾಲೆತ್ತಿ, ಕಾಲಿಳಿಸಿ, ಹುಡುಗಿ ನಡೆದಳು, ಓಡಿದಳು, ಮತ್ತೆ ಮೈದಾನಕ್ಕೂ ಇಳಿದಳು. ಈ ವರ್ಷ ಕಾಲೇಜಿನ ಕೊನೆಯ ವರ್ಷ. ದೊಡ್ಡ ಪಂದ್ಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ಆಡಿ ಬಂದ ಮಾರನೇ ದಿನವೆಲ್ಲ ಮಂಡಿ ಊದಿಕೊಳ್ಳಲು ಶುರುವಾಯಿತು. ಸ್ಕ್ಯಾನ್ ಮಾಡಿಸಿದರು. ರಿಪೋರ್ಟಿನಲ್ಲಿ "ಚೇಂಜಸ್" ಇದೆ ಎಂದು ಬಂತು.

ಈ ಮಾತಿನಿಂದಾದ ರಾಮಾಯಣ ಕೇಳಿ. ನನ್ನ ಸೊಸೆ ಸುಮಾಗೆ ಫೋನಿನಲ್ಲಿ ಮಾತಾಡುವಾಗ ಗಂಟಲು ತಾನೇತಾನಾಗಿ ದೊಡ್ಡದಾಗುತ್ತದೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ತನ್ನ ತಂಗಿಗೆ ಹೇಳುತ್ತಿದ್ದಳು: "ನಂದಿನೀದು ಏನ್ ಹೇಳ್ಲಿ ಕಣೇ, ಚೇಂಜಸ್ ಕಾಣಿಸ್ತಿದೆ. ಎರಡು ವರ್ಷದಿಂದ ಒಳಗೊಳಗೇ ನಡೀತಿತ್ತೇನೋ, ನಮಗೆ ಗೊತ್ತೇ ಆಗ್ಲಿಲ್ಲ." ಪಕ್ಕದ ಮನೆಯ ರಾಜಮ್ಮ ಕಾಂಪೌಂಡಿನ ಆಚೆ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅರ್ಧ ಸೊಪ್ಪನ್ನು ಮೊರದಲ್ಲೇ ಬಿಟ್ಟು ನಮ್ಮ ಮನೆಗೆ ಬಂದಳು.

"ಗೌರಕ್ಕ, ಹುಡುಗ ಯಾವ ಕಡೆಯೋನು?"

"ಯಾವ ಹುಡುಗನೇ?"

"ನನ್ನ ಹತ್ರ ಮುಚ್ಚಿಡ್ಬೇಡಿ. ಎರಡು ವರ್ಷದಿಂದ ನಡೀತಿದೆಯಂತಲ್ಲ."

"ನಡೀತಿರೋದು ಮಂಡೀಲಿ ಕಣೇ!"

"ಮಂಡ್ಯದಲ್ಲಾ? ಹೋಗ್ಲಿ ಬಿಡಿ, ಒಳ್ಳೇ ಜನ. ಗದ್ದೆ ಗಿದ್ದೆ ಇದೆಯಂತಾ?"

ನನ್ನ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಮಂಡಿಯನ್ನು ಪಟಪಟ ಬಡಿದು ತೋರಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವಳ ಮುಖ ಸಪ್ಪಗಾಯಿತು. ಮಂಡಿಯ ಸುದ್ದಿಯನ್ನು ಬೀದಿಯಲ್ಲಿ ಯಾರು ಕೇಳುತ್ತಾರೆ? ಅಷ್ಟರಲ್ಲಿ ಮಂಡ್ಯದ ಸುದ್ದಿ ಸುಬ್ರಹ್ಮಣ್ಯಪುರ ಮುಟ್ಟಿತ್ತೋ ಏನೋ, ನನ್ನ ನಾದಿನಿ ಸಂಜೆಯೇ ಫೋನು ಮಾಡಿ, ನಮ್ಮನ್ನೊಂದು ಮಾತು ಕೇಳಲಿಲ್ಲವಲ್ಲ ಎಂದು ಮುನಿಸಿಕೊಂಡಳು.

ಮಾರನೇ ವಾರ ಜಯನಗರದ ಡಾಕ್ಟರ ಹತ್ತಿರ ಹೋದೆವು. ನನ್ನ ಮಗನಿಗಿಂತ ಚಿಕ್ಕ ವಯಸ್ಸಿನವರು, ಮಾತು ಮೃದು. ಪರದೆಯ ಮೇಲೆ ಮಂಡಿಯ ಫೋಟೋ ಹಾಕಿದರು. ನನಗೆ ಕಂಡಿದ್ದು ಮೋಡ. "ನೋಡಿ ಅಜ್ಜಿ, ಮೂಳೆ ತುದೀಲಿ ನುಣ್ಣಗೆ ಒಂದು ಪದರ ಇರುತ್ತೆ. ಕಾರ್ಟಿಲೇಜ್ ಅಂತೀವಿ" ಎಂದರು.

"ಮಟನ್ ಸಾರಲ್ಲಿ ಕರುಂಕುರುಂ ಅಂತ ಅಗೀತೀವಲ್ಲ, ಎಳೆಮೂಳೆ, ಅದೇ ತಾನೆ?" ಎಂದೆ. ಸುಮಾ ನನ್ನ ಕೈ ಚಿವುಟಿದಳು. ಡಾಕ್ಟರು ಮಾತ್ರ "ಅದೇ ಅಜ್ಜಿ, ಕರೆಕ್ಟಾಗಿ ಹೇಳಿದ್ರಿ" ಎಂದು ನಕ್ಕು, "ಅದು ಇಲ್ಲಿ ಮೆತ್ತಗಾಗಿದೆ, ಇಲ್ಲಿ ಸ್ವಲ್ಪ ತೆಳ್ಳಗಾಗಿದೆ" ಎಂದು ಬೆರಳಿಟ್ಟು ತೋರಿಸಿದರು.

"ಹಾಗಾದ್ರೆ ಆಪರೇಶನ್ ಕೆಟ್ಟೋಯ್ತಾ?"

"ಇಲ್ಲ ಇಲ್ಲ. ಹಗ್ಗ ಗಟ್ಟಿಯಾಗೇ ಇದೆ. ಆದ್ರೆ ಹಗ್ಗ ಹರಿದ ದಿನಾನೇ ಈ ಪದರಕ್ಕೂ ಏಟು ಬಿದ್ದಿರುತ್ತೆ. ಆಪರೇಶನ್ ಚೆನ್ನಾಗಾದ್ರೂ ಕೆಲವರಿಗೆ ಆಮೇಲೆ ನಿಧಾನಕ್ಕೆ ಹೀಗಾಗುತ್ತೆ."

"ಮತ್ತೆ ಬೆಳೆಯಲ್ವಾ?"

"ಮೊದಲಿನ ಹಾಗೆ ಬೆಳೆಯೋದು ಕಷ್ಟ ಅಜ್ಜಿ. ಇರೋದನ್ನ ಉಳಿಸ್ಕೋಬೇಕು. ತೊಡೆ ಗಟ್ಟಿ ಮಾಡ್ಕೋಬೇಕು."

ನಂದಿನಿ ಅಲ್ಲಿಯವರೆಗೆ ಉಗುರು ಕಚ್ಚುತ್ತಿದ್ದವಳು ತಲೆ ಎತ್ತಿ, "ಸರ್, ಈ ಸಲದ ಮ್ಯಾಚ್ ಆಡ್ಬಹುದಾ?" ಎಂದಳು. ಸುಮಾ ಡಾಕ್ಟರನ್ನು ದೇವರ ಪಟ ನೋಡಿದಂತೆ ನೋಡಿದಳು. ಬೇಡ ಎಂದು ಒಂದೇ ಒಂದು ಸಲ ಗದರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆ ಪುಣ್ಯಾತ್ಮ ಏನಂದರು ಗೊತ್ತೇ? "ಆಡಲೇಬಾರದು ಅಂತ ನಾನು ಹೇಳಲ್ಲ. ಆಡಿದ್ರೆ ಬೇಗ ಸವೆಯಬಹುದು, ಆಡದೇ ಇದ್ರೂ ಸವೆಯಬಹುದು. ಕೂತು ಏಳೋ ಆಟ, ಮಂಡಿ ಮೇಲೆ ಭಾರ ಜಾಸ್ತಿ. ಊತ ಬಂದ್ರೆ ನಿಲ್ಲಿಸ್ಬೇಕು. ಅವಳಿಗೆ ಎಷ್ಟು ಮುಖ್ಯ ಅಂತ ನೋಡಿ, ಮನೇಲಿ ಕೂತು ಡಿಸೈಡ್ ಮಾಡಿ."

ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸ ಕಾಲು ಸೂಪು. ನಮ್ಮ ಕಡೆ ಮೂಳೆ ಅಂದರೆ ಕಾಲು ಸೂಪು, ಅದರಲ್ಲಿ ಯೋಚನೆ ಮಾಡುವುದು ಏನೂ ಇಲ್ಲ. ಮೆಣಸು, ಶುಂಠಿ ಜಜ್ಜಿ ಹಾಕಿ, ಅಂಟಂಟು ಬರುವವರೆಗೆ ಕುದಿಸಿ ಲೋಟದಲ್ಲಿ ಕೊಟ್ಟೆ. "ಅಜ್ಜಿ, ಇದು ಹೋಗೋದು ಹೊಟ್ಟೆಗೆ, ಮಂಡಿಗಲ್ಲ" ಎಂದಳು. "ಕುರಿ ಯಾವತ್ತಾದ್ರೂ ಮಂಡಿ ನೋವು ಅಂದಿದ್ಯಾ? ಕುಡಿ ಬಾಯ್ಮುಚ್ಕೊಂಡು" ಎಂದೆ. ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆ ಎಂದು ಕೇಳಿದಳು. ಓದಿದ ಮಕ್ಕಳ ಹಣೆಬರಹವೇ ಇಷ್ಟು.

ಭಾನುವಾರ ಎಲ್ಲರೂ ಕೂತರು. ನನ್ನ ಮಗ ಮಗಳನ್ನು ನೋಯಿಸಲಾರ, ಹೆಂಡತಿಯನ್ನು ಎದುರಿಸಲಾರ. ಆದ್ದರಿಂದ "ಅಮ್ಮ ಹೇಳ್ಲಿ, ಅಮ್ಮ ಹೇಳಿದ ಹಾಗೆ ಮಾಡೋಣ" ಎಂದು ನನ್ನ ತಲೆಗೆ ಕಟ್ಟಿ ಮೊಬೈಲಿನೊಳಗೆ ಇಳಿದುಬಿಟ್ಟ. ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಗಳಿಗೆ ಕಾಣದಂತೆ ನನಗೆ ಬೇಡ ಬೇಡ ಎಂದು ತಲೆಯಾಡಿಸಿದಳು. ನಂದಿನಿ ನನ್ನ ಕಾಲ ಬಳಿ ಬಂದು ಕೂತು, "ಅಜ್ಜಿ, ನೀನೇ ಹೇಳು. ನಿನಗೆ ಎದುರಾಡಲ್ಲ. ಎದುರಾಡ್ತೀನಿ, ಆದ್ರೂ ಹೇಳು" ಎಂದಳು.

ಅವಳು ಆಡುವುದನ್ನು ನಾನು ಒಮ್ಮೆ ನೋಡಿದ್ದೇನೆ. ಹಿಂದೆ ಬಂದವಳ ಕೈ ಇನ್ನೇನು ಬೆನ್ನಿಗೆ ತಾಗಬೇಕು, ಅಷ್ಟರಲ್ಲಿ ಹಾಲು ಕುಡಿದು ತಪ್ಪಿಸಿಕೊಳ್ಳುವ ಬೆಕ್ಕಿನ ಹಾಗೆ ಸೊಂಟ ಬಳುಕಿಸಿ ಸರಕ್ಕನೆ ಜಾರಿದ್ದಳು. ಅದು ಕಣ್ಣಿಗೆ ಬಂತು.

"ಆಡು" ಎಂದೆ.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು. "ಅತ್ತೇ!" ಅಂತ ಒಂದೇ ಕೂಗು. ಆ ವಾರವೆಲ್ಲ ನನ್ನ ತಟ್ಟೆಗೆ ಮುದ್ದೆ ಮೇಲಿಂದ ಬೀಳುತ್ತಿತ್ತು, ಯಾರೂ ಇಡುತ್ತಿರಲಿಲ್ಲ. ಉಪ್ಪು ಕೇಳಿದರೆ ಡಬ್ಬಿಯೇ ಬಂದು ಕೂರುತ್ತಿತ್ತು. ನಂದಿನಿಯೂ ಕುಣಿದಾಡಲಿಲ್ಲ, ಅದೇ ನನಗೆ ವಿಚಿತ್ರ. ಸುಮ್ಮನೆ ಪ್ರಾಕ್ಟೀಸಿಗೆ ಹೋದಳು, ಸುಮ್ಮನೆ ಬಂದಳು. ಕಡೆಗೆ ಒಂದು ಸಂಜೆ ನನ್ನ ಮಂಚದ ಮೇಲೆ ಬಂದು ಕೂತಳು.

"ಅಜ್ಜಿ, ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ. ಎಲ್ಲರ ಹತ್ರ ಜಗಳ ಆಡೋಕೆ ರೆಡಿಯಾಗಿದ್ದೆ. ನೀನು ಆಡು ಅಂದ್ಬಿಟ್ಟೆ. ಈಗ ಜಗಳಕ್ಕೆ ಯಾರೂ ಇಲ್ಲ, ನಾನು, ನನ್ನ ಮಂಡಿ, ಇಬ್ರೇ. ಸಾಲಲ್ಲಿ ಕೂತು ಏಳೋವಾಗಲೇ ಗೊತ್ತಾಗ್ತಿತ್ತು, ಒಪ್ಕೋತಿರ್ಲಿಲ್ಲ ಅಷ್ಟೆ. ಕೋಚ್‌ಗೆ ಹೇಳಿ ಬಂದೆ, ಈ ಸಲ ಆಡಲ್ಲ ಅಂತ. ಮೊದಲು ತೊಡೆ ಗಟ್ಟಿ ಆಗ್ಲಿ."

"ಕೊನೆ ವರ್ಷ ಅಲ್ವೇನೇ?"

"ಕಾಲೇಜಿಗೆ ಕೊನೆ ವರ್ಷ ಅಜ್ಜಿ. ಮಂಡಿಗಲ್ಲ."

ಹಾಗಂದು ಗೋಡೆ ಕಡೆ ತಿರುಗಿ ಮುಸುಮುಸು ಅತ್ತಳು. ತಲೆ ಸವರಿ ಸಮಾಧಾನ ಮಾಡುವ ಕಲೆ ನನಗೆ ಬರುವುದಿಲ್ಲ. "ಅಳೋದಾದ್ರೆ ಕಾಲು ನೀಟ್ಕೊಂಡು ಅಳು, ಮಂಡಿ ಮಡಚ್ಬೇಡ" ಎಂದೆ. ಅಳುತ್ತಲೇ ನಕ್ಕಳು. ಕಾಲನ್ನೂ ನೀಟಿದಳು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಸುಮಾ ಬಂದು "ಅತ್ತೆ, ನಿಮ್ಮ ತಲೆ ಏನ್ ತಲೆ! ಬೇಡ ಅಂದಿದ್ರೆ ಹಠ ಹಿಡೀತಿದ್ಲು, ಅದಕ್ಕೇ ಉಲ್ಟಾ ಹೇಳಿದ್ರಿ ಅಲ್ವಾ?" ಎಂದು ನನ್ನ ಮುದ್ದೆಗೆ ತುಪ್ಪ ಸುರಿದಳು. ನನ್ನ ಮಗ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದ. ನಾನು ಉಲ್ಟಾ ಹೇಳಿರಲಿಲ್ಲ. ಅವಳು ಆಡಲಿ ಎಂದೇ ಹೇಳಿದ್ದು. ಪಂದ್ಯಕ್ಕೆ ಉಡಲು ನೀಲಿ ಸೀರೆ ಇಸ್ತ್ರಿಗೆ ಕೊಟ್ಟಿದ್ದೆ, ತರಕಾರಿ ಗಾಡಿಯವನನ್ನೂ ನೋಡಲು ಬಾ ಎಂದು ಕರೆದಿದ್ದೆ. ಇದನ್ನು ಬಾಯಿ ಬಿಟ್ಟು ಹೇಳಿದರೆ "ಅಜ್ಜಿಗೆ ಎಷ್ಟು ವಿನಯ" ಎನ್ನುತ್ತಾರೆ. ಬೇಜಾರಾಗಿ ಹೇಳುವುದನ್ನೇ ಬಿಟ್ಟೆ. ನಿಜ ಹೇಳಬೇಕೆಂದರೆ ತುಪ್ಪವೂ ಚೆನ್ನಾಗಿತ್ತು.

ಅಷ್ಟರಲ್ಲಿ ರಾಜಮ್ಮ ಬಂದಳು. ಅವಳ ದುಡಿಯುವ ಮಗನಿಗೆ ದಡದಡ ಸದ್ದು ಮಾಡುವ ದೊಡ್ಡ ಬೈಕು ಬೇಕಂತೆ. "ಬೇಡ ಅಂದಷ್ಟೂ ಹಠ ಮಾಡ್ತಾನೆ ಗೌರಕ್ಕ. ನಿಮ್ಮ ನಂದಿನಿಗೆ ಮಾಡಿದ್ರಲ್ಲ, ಹಾಗೇ ನನಗೂ ಒಂದು ದಾರಿ ಹೇಳಿ" ಎಂದಳು. ನಾನು ಎಲೆಅಡಿಕೆ ಅಗಿಯುತ್ತಾ, ಗತ್ತಿನಿಂದ, "ಧಾರಾಳವಾಗಿ ತಗೋ ಅಂತ ಹೇಳು. ಆಮೇಲೆ ತಾನೇ ಕೂತು ಯೋಚನೆ ಮಾಡ್ತಾನೆ, ನೋಡ್ತಿರು" ಎಂದೆ.

ಅವನು ಕೂರಲೂ ಇಲ್ಲ, ಯೋಚನೆ ಮಾಡಲೂ ಇಲ್ಲ. ಎರಡೇ ದಿನಕ್ಕೆ ಗೇಟಿನ ಮುಂದೆ ಬೈಕು ಬಂತು, ಅದಕ್ಕೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ರಾಜಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೈಕು ಮಾತ್ರ ದಿನಾ ಬೆಳಿಗ್ಗೆ ನನ್ನ ಕಿಟಕಿಯ ಕೆಳಗೇ ನಿಂತು ಮಾತಾಡುತ್ತದೆ. ಈಗ ಬೀದಿಯವರು ಯಾರಾದರೂ ಸಲಹೆ ಕೇಳಲು ಬಂದರೆ ಸುಮಾ ಬಾಗಿಲಲ್ಲೇ ತಡೆದು "ಅತ್ತೆ ಮಲಗಿದಾರೆ" ಎನ್ನುತ್ತಾಳೆ. ನಾನು ಒಳಗೆ ಕೆಮ್ಮು ಬಂದರೂ ಕೆಮ್ಮದೆ ಕೂತಿರುತ್ತೇನೆ.