ಲೆಕ್ಕದ ಮೇಷ್ಟ್ರ ಹೊಲಿಗೆ ಪಾಠ

ಹೊಲಿಗೆ ಟೀಚರ್ ಹೆರಿಗೆ ರಜೆ ಹಾಕಿದ್ದೇ ತಡ, ಲೆಕ್ಕದ ಮೇಷ್ಟ್ರು ಹೆಡ್‌ಮಿಸ್ಸಿನ ಮುಂದೆ ಹಾಜರಾದರು. ಲೆಕ್ಕದ ಜೊತೆ ತಮ್ಮ ತಲೆಗೇ ಕಟ್ಟಿದ್ದ ಆಟದ ಪೀರಿಯಡ್ಡಿನಲ್ಲಿ ಮಕ್ಕಳ ಹಿಂದೆ ಬಿಸಿಲಲ್ಲಿ ಓಡಿ ಓಡಿ ಅವರ ಬೋಳುತಲೆ ಕಾದ ಹೆಂಚಾಗಿತ್ತು. ಹೊಲಿಗೆ ಕ್ಲಾಸಾದರೆ ನೆರಳು, ಫ್ಯಾನು, ಕುರ್ಚಿ. ಸ್ವರ್ಗವೇ ಸರಿ.

"ನಿಮಗೆ ಹೊಲಿಗೆ ಬರುತ್ತಾ ಮೇಷ್ಟ್ರೇ?"

"ಅಯ್ಯೋ, ನೀರು ಕುಡಿದಷ್ಟು ಸಲೀಸು ಮೇಡಂ!"

"ಸರಿ, ಇವತ್ತು ಕರವಸ್ತ್ರದ ಅಂಚು ಹೊಲಿಸಿ. ಪೀರಿಯಡ್ ಕೊನೇಲಿ ಬಂದು ನೋಡ್ತೀನಿ. ಸರಿಹೋಗದಿದ್ರೆ ನಾಳೆಯಿಂದ ಮತ್ತೆ ಮೈದಾನ."

ಪುಣ್ಯಾತ್ಮರು ಹುಟ್ಟಿದಾಗಿನಿಂದ ಒಂದು ಗುಂಡಿಯನ್ನೂ ಹೊಲಿದವರಲ್ಲ. ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಪೀರಿಯಡ್ ಮುಗಿಯಿತು. ಅಷ್ಟರಲ್ಲಿ ಪಕ್ಕದ ಕ್ಲಾಸಿನ ಚರಿತ್ರೆ ಮೇಷ್ಟ್ರು ಕಿಟಕಿಯಲ್ಲಿ ತಲೆ ತೂರಿಸಿದರು. ಕೇಳದೆ ಬುದ್ಧಿ ಹೇಳುವುದರಲ್ಲಿ ಅವರದು ಎತ್ತಿದ ಕೈ.

"ಹಾಗೆ ಗಾಳೀಲಿ ಹಿಡ್ಕೊಂಡ್ರೆ ಸುಕ್ಕು ಬೀಳತ್ತೆ ಕಣ್ರೀ! ತೊಡೆ ಮೇಲೆ ಹಾಸ್ಕೊಂಡು ಬಿಗಿಯಾಗಿ ಹೊಲೀರಿ."

ಮಾತು ಹೌದೆನಿಸಿತು. ಮೇಷ್ಟ್ರು ಕರವಸ್ತ್ರವನ್ನು ತೊಡೆಯ ಮೇಲೆ ಹಾಸಿ, "ನಾನು ಮಾಡಿದ ಹಾಗೇ ಮಾಡ್ರಪ್ಪಾ, ಒಂಚೂರೂ ಹೆಚ್ಚುಕಮ್ಮಿ ಆಗ್ಬಾರದು," ಎಂದರು. ಸೂಜಿ ಸರಸರ ಓಡಿತು. ತಲೆ ತಗ್ಗಿಸಿ, ತುಟಿ ಕಚ್ಚಿಕೊಂಡು ಹೊಲಿಯುತ್ತಿದ್ದ ಮಕ್ಕಳನ್ನು ನೋಡಿ ಮೇಷ್ಟ್ರಿಗೆ ಎದೆ ತುಂಬಿ ಬಂತು. ಭಾಗಾಕಾರದ ಪಾಠದಲ್ಲಿ ಒಬ್ಬರಾದರೂ ಹೀಗೆ ಕೂತಿದ್ದುಂಟೇ?

ಹೆಡ್‌ಮಿಸ್ಸು ಒಳಗೆ ಬಂದರು. ಎಲ್ಲರೂ ದಡಕ್ಕನೆ ಎದ್ದರು. ಕರವಸ್ತ್ರಗಳೂ ಜೊತೆಗೇ ಎದ್ದವು! ಒಬ್ಬೊಬ್ಬರ ಚಡ್ಡಿಯಿಂದ, ಲಂಗದಿಂದ ಒಂದೊಂದು ಜೋತಾಡುತ್ತಿತ್ತು. ಮೇಷ್ಟ್ರ ಪ್ಯಾಂಟಿಗೆ ಅಂಟಿದ್ದಂತೂ ಎಳೆದರೂ ಬರಲೊಲ್ಲದು.

"ಇದೇನ್ರೀ ಅವತಾರ?"

ಮೇಷ್ಟ್ರ ಕಣ್ಣೆದುರು ಮೈದಾನ ಧಗಧಗ ಉರಿಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ಅದೂ... ಮೇಡಂ, ಮಕ್ಕಳು ದಿನಾ ಕರವಸ್ತ್ರ ಕಳ್ಕೊಂಡು ತೋಳಲ್ಲೇ ಮೂಗು ಒರೆಸ್ಕೊಳ್ತಾವಲ್ಲ? ಹೀಗೆ ಬಟ್ಟೆಗೇ ಹೊಲಿದುಬಿಟ್ರೆ ಕಳೆಯೋ ಮಾತೇ ಇಲ್ಲ!"

ಹೆಡ್‌ಮಿಸ್ಸು ಒಂದು ಹುಡುಗಿಯ ಕರವಸ್ತ್ರ ಹಿಡಿದು ಜಗ್ಗಿದರು. ಜಪ್ಪಯ್ಯ ಅಂದರೂ ಕಿತ್ತು ಬರಲಿಲ್ಲ. ಅವರ ಮುಖ ಅರಳಿತು.

"ಭೇಷ್! ಇಷ್ಟು ವರ್ಷ ಯಾರ ತಲೆಗೂ ಹೊಳೀಲಿಲ್ವಲ್ರೀ ಇದು! ಹೊಲಿಗೆಗೆ ಇನ್ನು ನೀವೇ."

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಕಿಟಕಿಯಲ್ಲಿನ್ನೂ ನಿಂತಿದ್ದ ಚರಿತ್ರೆ ಮೇಷ್ಟ್ರ ಕಡೆ ಒಂದು ಗೆಲುವಿನ ನಗೆ ಬೀರಿದರು.

"ನಾಳೆಯಿಂದ ಇಡೀ ಶಾಲೆಗೆ ಕಲಿಸಿ, ಬೆಳಿಗ್ಗೆಯಿಂದ ಸಂಜೆವರೆಗೂ," ಎಂದ ಹೆಡ್‌ಮಿಸ್ಸು ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದರು. "ಆದ್ರೆ ಅಷ್ಟೂ ಮಕ್ಕಳು ಇಲ್ಲಿ ಹಿಡಿಸಲ್ಲ. ಮೈದಾನದಲ್ಲಿ ಕೂರಿಸ್ಕೊಳ್ಳಿ."