ಸೇತುವೆಯ ಮೇಲಿನ ಬಾಣದ ಬೋರ್ಡಿಗೆ ದರ್ಜಿಯ ವಂದನೆ

ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ನಮ್ಮ ಗಡಿ ಪಟ್ಟಣದ ಹಳೆಯ ಸೇತುವೆಯ ಪಕ್ಕದಲ್ಲಿ ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಿರುವ ದರ್ಜಿಯೊಬ್ಬ, ಕೊರಳಲ್ಲಿ ಟೇಪು ಇರುವಂತೆಯೇ ಬಗ್ಗಿ ಮಾಡುವ ನಮಸ್ಕಾರಗಳು. ಕೋಟೆ, ಹೊಳೆಯ ತಿರುವು, ಕಾವಲು ಗೋಪುರ ಎಲ್ಲವನ್ನೂ ಕಾರಿನಿಂದ ಇಳಿಯದೆಯೇ ನೋಡಿ ಮುಗಿಸುವಂತೆ ತಾವು ರೂಪಿಸಿರುವ ನಲವತ್ತೆರಡು ಕಿಲೋಮೀಟರಿನ ಸುತ್ತುಹಾದಿಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇರುವ ಪದಗಳು ಪತ್ರದಲ್ಲಿ ಬರೆಯುವಂಥವಲ್ಲ.

ಪರಿಶೀಲನೆಗೆಂದು ಬೆಳಿಗ್ಗೆ ಎಂಟಕ್ಕೆ ಆಚೆ ದಡದಿಂದ ಬಂದ ತಮಗೆ ಸೇತುವೆಯ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ತಾವು ಜೀಪು ತಿರುಗಿಸಿದಿರಿ, ಅಂದಿನಿಂದ ಇಡೀ ಸೇತುವೆ ಅದೇ ದಿಕ್ಕಿಗೆ, ಈಚೆಯಿಂದ ಆಚೆಗೆ ಮಾತ್ರ, ಏಕಮುಖವಾಯಿತು. ಮಧ್ಯಾಹ್ನದ ಮೇಲೆ ಸೂರ್ಯನೂ ಪಕ್ಷ ಬದಲಿಸುತ್ತಾನೆಂಬುದು ಕಡತಕ್ಕೆ ಬರಲಿಲ್ಲವೇನೋ. ನಡೆದು ಹೋಗುವವರು ಪ್ರವಾಸಿಗಳ ಫೋಟೋಗೆ ಅಡ್ಡ ಬರುತ್ತಾರೆಂದು ಕಾಲ್ನಡಿಗೆಯನ್ನೂ ನಿಲ್ಲಿಸಿದಿರಿ.

ಆಚೆ ತುದಿಯ ಮೊದಲ ಮನೆ ನನ್ನ ಅಕ್ಕನದು. ನಾನು ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಕೂರಿಸುವವಳು ಅವಳೇ. ಮೊದಲೆಲ್ಲ ಒಲೆಯ ಮೇಲೆ ಹಾಲಿಟ್ಟು ಹೊರಟರೆ, ಅದು ಉಕ್ಕುವುದರೊಳಗೆ ಅಂಗಿ ಕೊಟ್ಟು, ನನ್ನ ಹೊಲಿಗೆಯಲ್ಲಿ ಮೂರು ತಪ್ಪು ಹುಡುಕಿ, ಮನೆ ಸೇರಿಬಿಡುತ್ತಿದ್ದಳು. ಈಗ ತೀರಿಹೋದ ಭಾವನ ಹಳೇ ಕಾರು ತೆಗೆದು, ತಮ್ಮ ಸುತ್ತುಹಾದಿಯನ್ನು ಪೂರ್ತಿ ಸುತ್ತಿ ಬರುತ್ತಾಳೆ. ನನ್ನ ಗಿರಾಕಿಗಳು ಊರು ಬಿಟ್ಟು ಕದಲದಿದ್ದರೂ ಅವರ ಅಂಗಿಗಳು ಕೋಟೆಯನ್ನು ಹತ್ತಾರು ಸಲ ನೋಡಿವೆ. ಕೈ ಸುತ್ತಿಸಿ ಮೂಗು ಹಿಡಿಯುವುದು ಎಂಬ ಮಾತಿಗೆ ತಾವು ಡಾಂಬರು ಹಾಕಿಸಿದ್ದೀರಿ.

ಈ ಸೇತುವೆಗಾಗಿ ಎರಡು ಅರಸುಮನೆಗಳು ನೂರು ವರ್ಷ ಕಾದಾಡಿದವಂತೆ. ಆಗಲೂ ಆಚೆಯ ಅಕ್ಕಂದಿರು ಈಚೆಯ ತಮ್ಮಂದಿರ ಮನೆಗೆ ಬಂದುಹೋಗುವುದು ನಿಂತಿರಲಿಲ್ಲವಂತೆ. ಫಿರಂಗಿಗಳ ಕೈಲಾಗದ್ದು ತಮ್ಮ ಒಂದು ಬಾಣದ ಬೋರ್ಡಿನ ಕೈಲಾಯಿತು. ಮೊನ್ನೆ ಅಕ್ಕ ಅಂಗಿಗಳ ಗಂಟನ್ನು ಮೇಜಿನ ಮೇಲಿಟ್ಟವಳು, ನನ್ನ ಹೊಲಿಗೆಯತ್ತ ಕಣ್ಣೂ ಹಾಯಿಸದೆ, ಇನ್ನು ನನ್ನ ಕೈಲಿ ಆಗಲ್ಲ ಕಣೋ ತಮ್ಮಾ, ಬೇರೆ ಯಾರನ್ನಾದ್ರೂ ನೋಡ್ಕೋ ಎಂದಳು. ಕಾಜಾ ಹಾಕಲು ಇನ್ನೊಬ್ಬರು ಸಿಗುತ್ತಾರೆ, ಮಾನ್ಯರೇ. ತಪ್ಪು ಹುಡುಕಲು ಸಿಗುವುದಿಲ್ಲ. ಅವಳು ಬೈಯದ ದಿನ ನನಗೆ ಊಟ ಸೇರುವುದಿಲ್ಲ.

ಆದ್ದರಿಂದ ಹೊಳೆಯನ್ನು ಅಕ್ಕನ ಮನೆಯ ಹಿತ್ತಲಿನಾಚೆಗೆ ಸರಿಸಿಕೊಡಬೇಕೆಂದು ಬಿನ್ನಹ. ಅದು ಮೇಲಿನವರ ವ್ಯಾಪ್ತಿ ಎಂದಾದರೆ, ಸೂರ್ಯನಿಗೊಂದು ನೋಟೀಸು ಕಳುಹಿಸಿ ಪಶ್ಚಿಮದಲ್ಲಿ ಹುಟ್ಟಲು ತಿಳಿಸಬಹುದು. ಎರಡೂ ಕಷ್ಟವಾದರೆ, ಚಪ್ಪಲಿ ಮೆಟ್ಟಿದ ಒಬ್ಬ ಹೆಂಗಸು ಬಟ್ಟೆ ಗಂಟು ಹಿಡಿದು ನಡೆದುಬರಲು ಸೇತುವೆಯಂಚಿನಲ್ಲಿ ಎರಡಡಿ ಜಾಗ ಬಿಟ್ಟುಕೊಡಿ. ಫೋಟೋದಲ್ಲಿ ಬೀಳದಂತೆ ಬಗ್ಗಿ ನಡೆಯೆಂದು ಅವಳಿಗೆ ನಾನೇ ಹೇಳುತ್ತೇನೆ. ಕೇಳುತ್ತಾಳೆಂಬ ಭರವಸೆ ಮಾತ್ರ ಕೊಡಲಾರೆ.

ಬಾಣ ತೋರಿದತ್ತಲೇ ಮುಖ ಮಾಡಿ ಕೂತಿರುವ,
ತಮ್ಮ ವಿಶ್ವಾಸಿ,
ಸೇತುವೆ ಪಕ್ಕದ ದರ್ಜಿ

ತಾ.ಕ.: ಬರುವ ಸೋಮವಾರ ನಡೆಯುವ ಈ ಹಾದಿಯ ವಿಧ್ಯುಕ್ತ ಉದ್ಘಾಟನೆಗೆಂದು ತಾವು ಹೊಲಿಯಲು ಕೊಟ್ಟಿದ್ದ ಕೋಟು ಸಿದ್ಧವಾಗಿದೆ. ಕಾಜಾಗೆಂದು ಕಳುಹಿಸಿದ್ದು ಅಕ್ಕನ ಮನೆಯಲ್ಲೇ ಇದೆ, ತರುವುದಿಲ್ಲ ಎಂದಿದ್ದಾಳೆ. ತಾವೇ ಹೋಗಿ ತಂದುಕೊಳ್ಳಬಹುದು. ಹೋಗುವುದಕ್ಕೆ ಒಂದೇ ನಿಮಿಷ. ಬರುವ ಹಾದಿ ಬಲು ರಮಣೀಯವಾಗಿದೆ.