ಮಧುಕರರಿಗೊಂದು ನೋಟೀಸು

ದೇವಿದಾಸ ನಾಯ್ಕರ ಹೊಟ್ಟೆಯುರಿಗೆ ಹೆಂಡತಿಯ ಹೆಗಲುನೋವೇ ಕಾರಣ ಎಂದರೆ ಅಂಕೋಲೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹಾಗೆಯೇ.

ಜಯಂತಿಯ ಬಲ ಹೆಗಲು ಮೂರು ತಿಂಗಳಿಂದ ಹಿಡಿದುಕೊಂಡಿತ್ತು. ಜಡೆ ಹೆಣೆಯಲು ಕೈ ಮೇಲೇಳದು, ಕಾಯಿ ತುರಿಯಲು ಕುಳಿತರೆ ಕಣ್ಣಲ್ಲಿ ನೀರು. ಮೊದಲು ಅವಳು ಗಂಡನಿಗೇ ಹೇಳಿದ್ದಳು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ದೇವಿದಾಸರು ಪೇಪರಿನಿಂದ ತಲೆ ಎತ್ತದೆ, "ಪರಿಶೀಲಿಸುವ" ಎಂದರು. (ಇಪ್ಪತ್ತಾರು ವರ್ಷ ಕಡತ ತಿರುವಿದ ಮನುಷ್ಯನ ಬಾಯಲ್ಲಿ ಬೇರೆ ಮಾತು ಬರುವುದಾದರೂ ಹೇಗೆ?) ಎರಡನೆಯ ಸಲ ಹೇಳಿದಾಗ, "ಡಾಕ್ಟರ ಚೀಟಿ ಲಗತ್ತಿಸಿದ್ದೀಯಾ?" ಎಂದರು. ಮೂರನೆಯ ಸಲ ಅವಳು ಹೇಳಲಿಲ್ಲ.

ಹೇಳಿದ್ದು ಕಂಪ್ಯೂಟರಿಗೆ. ಕಾರವಾರದ ಕಾಲೇಜಿಗೆ ಹೋಗುವ ಮಗಳು ನಾಗಶ್ರೀಗೆಂದು ೨೦೦೭ರ ಚೌತಿಯ ಹೊತ್ತಿಗೆ ತಂದ ಆ ಪೆಟ್ಟಿಗೆಯಲ್ಲಿ ಕೀಲುನೋವಿನವರದೇ ಒಂದು ಕನ್ನಡ ಬಳಗವಿತ್ತು. ಒಬ್ಬರು ನೋವು ಬರೆದರೆ ಉಳಿದವರು ಸಮಾಧಾನ ಬರೆಯುವುದು ಅಲ್ಲಿನ ಪದ್ಧತಿ. ಜಯಂತಿ ಎಡಗೈಯ ಒಂದೇ ಬೆರಳಿನಲ್ಲಿ ಕುಟ್ಟುತ್ತ, ಮಾತಾಡಿದ ಹಾಗೆಯೇ ಬರೆದಳು: "ಎಂತಾ ಹೇಳೂದು ಮಾರಾಯ್ರೆ... ಕಾಯಿ ತುರೂಕೆ ಆಗೂದಿಲ್ಲ... ಸಾಕಾಗೋಯ್ತು..."

ಹತ್ತು ನಿಮಿಷದಲ್ಲಿ ಉತ್ತರ ಬಂತು: "ಅಯ್ಯೋ ಜಯಂತಿಬಾಯಿ... ಎಂತಾ ಹೇಳೂದು... ನನ್ನ ಎಡ ಹೆಗಲೂ ಹಂಗೇ... ಅಂಗಿ ಹಾಕೂಕೆ ಆಗೂದಿಲ್ಲ ಮಾರಾಯ್ರೆ..." ಕೆಳಗೆ ಹೆಸರು: ಮಧುಕರ; ಊರು: ಪಕ್ಕದ ಅವರ್ಸಾ.

ಅಂದಿನಿಂದ ಊಟಕ್ಕೆ ಕುಳಿತರೆ ಬಂಗಡೆ ಸಾರಿಗಿಂತ ಮೊದಲು ಮಧುಕರರ ಮಾತಿನ ಬಡಿಸುವಿಕೆ.

"ಬಿಸಿ ಅಕ್ಕಿ ಗಂಟು ಕಟ್ಟಿ ಶಾಖ ಕೊಡೂಕೆ ಮಧುಕರ್ ಅವರು ಹೇಳಿದ್ರು."

"ಅದನ್ನ ನಾನೂ ಹೇಳ್ತಿದ್ನಲ್ಲ."

"ನೀವು ಲಗತ್ತಿಸು ಅಂದ್ರಿ."

ಹೆಂಡತಿ ಮೀನು ತರಲು ಹೋದ ಹೊತ್ತು ನೋಡಿ ದೇವಿದಾಸರು ಆ ಬಳಗದ ಬರಹಗಳನ್ನೆಲ್ಲ ಓದಿದರು. ಇವಳು ಮೂರು ಚುಕ್ಕೆ ಇಟ್ಟರೆ ಆ ಪುಣ್ಯಾತ್ಮನೂ ಮೂರೇ ಚುಕ್ಕೆ. ಇವಳು ಅಯ್ಯೋ ಎಂದರೆ ಅವನೂ ಅಯ್ಯೋ. ಕೈ ಹಿಡಿದವನು ತಾನಿರುವಾಗ ಹೆಗಲಿಗೆ ಹೆಗಲು ಕೊಡಲು ಇವನ್ಯಾರು ಎಂದು ಅವರ ಮೈ ಉರಿಯಿತು.

ತಾವೂ ಒಂದು ಕೈ ನೋಡಿಯೇ ಬಿಡೋಣ ಎಂದು "ಹಿತೈಷಿ" ಎಂಬ ಗುಪ್ತನಾಮದಲ್ಲಿ ಬಳಗ ಸೇರಿ ಸಮಾಧಾನ ಬರೆದರು: "ವಿಷಯ: ತಮ್ಮ ಬಲ ಹೆಗಲಿನ ನೋವಿನ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಧೈರ್ಯದಿಂದಿರತಕ್ಕದ್ದು." ಜಯಂತಿ ಉತ್ತರ ಬರೆಯಲಿಲ್ಲ. ಸಂಜೆ ಗಂಡನಿಗೇ ಅದನ್ನು ತೋರಿಸಿ, "ಯಾರೋ ಪಾಪ, ನಿಮ್ಮ ಆಪೀಸಿನ ಗಾಳಿ ಬಡಿದವರು" ಎಂದು ನಕ್ಕಳು.

ಇನ್ನು ಉಳಿದದ್ದು ಒಂದೇ ದಾರಿ. ದೇವಿದಾಸರು ಆ ಮಧುಕರನಿಗೆ ಖಾಸಗಿಯಾಗಿ ಕಾರಣ ಕೇಳಿ ನೋಟೀಸು ಜಾರಿ ಮಾಡಿದರು. ಪರರ ಪತ್ನಿಗೆ ದಿನವಹಿ ಸಮಾಧಾನ ಹೇಳುತ್ತಿರುವುದೇಕೆ, ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮ. (ಮುಂದಿನ ಕ್ರಮ ಏನೆಂದು ಅವರಿಗೂ ತಿಳಿದಿರಲಿಲ್ಲ.)

ಮರುದಿನವೇ ಸಮಜಾಯಿಷಿ ಬಂತು.

"ಮಾನ್ಯರೇ, ತಮ್ಮ ನೋಟೀಸು ತಲುಪಿದ್ದು, ಅದನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಕೆಳಗೆ ಸಹಿ ಮಾಡಿದವನು ಕಾರವಾರದ ಕೋರ್ಟಿನೆದುರು ಮೂವತ್ತು ವರ್ಷ ಅರ್ಜಿ ಬರೆದುಕೊಟ್ಟು ಬದುಕಿದವನಾಗಿದ್ದು, ಬಂದವರ ಬಾಯಿ ಹೇಗೋ ತನ್ನ ಲೇಖನಿಯೂ ಹಾಗೆ ಎಂಬುದನ್ನು ವಿನಯಪೂರ್ವಕವಾಗಿ ನಿವೇದಿಸುತ್ತಾನೆ. ಅನ್ಯ ಉದ್ದೇಶ ಇರುವುದಿಲ್ಲ. ಆದಾಗ್ಯೂ, ತಾವು ಸಹ ಯಾವುದೋ ನೋವಿನಲ್ಲಿರುವುದು ಸದರಿ ನೋಟೀಸಿನಿಂದ ಕಂಡುಬರುತ್ತಿದ್ದು, ಆ ಬಗ್ಗೆ ವಿವರ ಸಲ್ಲಿಸಲು ಕೋರಿದೆ."

ದೇವಿದಾಸರು ಅದನ್ನು ಮೂರು ಸಲ ಓದಿದರು. ಇಷ್ಟು ಚೊಕ್ಕ ಒಕ್ಕಣೆಯಲ್ಲಿ ಅವರ ಕ್ಷೇಮವನ್ನು ಈವರೆಗೆ ಯಾರೂ ವಿಚಾರಿಸಿರಲಿಲ್ಲ. ವಿವರ ಸಲ್ಲಿಸಿದರು: ತಮಗೆ ಬರಬೇಕಾದ ಬಡ್ತಿ ಕಿರಿಯನೊಬ್ಬನಿಗೆ ಹೋದದ್ದು, ಅದನ್ನು ಮನೆಯಲ್ಲಿ ಹೇಳಲಾಗದೆ ನುಂಗಿಕೊಂಡದ್ದು, ಹೆಂಡತಿ ತನಗಿಂತ ಅವರ್ಸಾದವರನ್ನು ಹೆಚ್ಚು ನಂಬಿದ್ದು. "ತಮ್ಮ ದುಃಖವು ನ್ಯಾಯಸಮ್ಮತವಾಗಿದೆ" ಎಂದು ಉತ್ತರ ಬಂದಾಗ ಕಣ್ಣೊರೆಸಿಕೊಂಡರು. ಹದಿನೈದು ದಿನದಲ್ಲಿ ಪತ್ರವ್ಯವಹಾರ ಬೆಳೆದು, ಬೆಳಿಗ್ಗೆ ಒಂದು, ಸಂಜೆ ಎರಡು ಎಂಬಲ್ಲಿಗೆ ಮುಟ್ಟಿತು.

ಒಂದು ದಿನ ಕಂಪ್ಯೂಟರಿನಲ್ಲಿ ಆ ಪತ್ರಗಳನ್ನು ಮುಚ್ಚದೆ ಕಚೇರಿಗೆ ಹೋದರು. (ಕಚೇರಿಯಲ್ಲಿ ಕಡತ ಮುಚ್ಚುವವರು ಜವಾನರು.) ಸಂಜೆ ಬಂದಾಗ ಜಯಂತಿ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮುಖ ಕೆಂಪಾಗಿತ್ತು.

"ನಾಕು ದಿನದಿಂದ ನನಗೆ ಉತ್ರ ಬರ್ಲಿಲ್ಲ. ಎಲ್ಲಾ ನಿಮ್ಗೇ ಹೋಗ್ತಾ ಉಂಟು."

"ಅದು ಹಾಗಲ್ಲ..."

"ಬಡ್ತಿ ತಪ್ಪಿದ್ದು ನನಗೆ ಎಂತಕ್ಕೆ ಹೇಳ್ಲಿಲ್ಲ? ಗಂಡ ಅತ್ತದ್ದು ಅವರ್ಸಾದವರಿಗೆ ಗೊತ್ತು, ಒಂದೇ ಮನೇಲಿ ಇದ್ದವಳಿಗೆ ಗೊತ್ತಿಲ್ಲ. ನಾನೆಂತಾ ಸತ್ತೋಗಿದ್ನಾ?"

ಆ ಮಾತಿನಲ್ಲಿದ್ದ ಮತ್ಸರ ತಮ್ಮದೇ ಮತ್ಸರ ಎಂದು ದೇವಿದಾಸರಿಗೆ ಚೆನ್ನಾಗಿ ಅರ್ಥವಾಯಿತು.

ಮರುದಿನ ಸಂಜೆ ಚಹಾದ ಜೊತೆ ಒಂದು ಹಾಳೆ ಬಂತು. ಜಯಂತಿಯ ಎಡಗೈ ಬರಹ, ಆದರೆ ಒಕ್ಕಣೆ ಬೆವರಿಳಿಸುವಂಥದ್ದು. "ಜ್ಞಾಪನ. ವಿಷಯ: ಪತ್ನಿಯ ಹೆಗಲಿಗೆ ಎಣ್ಣೆ ತಿಕ್ಕುವ ಬಗ್ಗೆ. ಸದರಿ ಪತಿಯವರು ಪ್ರತಿನಿತ್ಯ ಸಂಜೆ ಖುದ್ದು ಹಾಜರಿದ್ದು ಎಣ್ಣೆ ತಿಕ್ಕತಕ್ಕದ್ದು. ತಿಕ್ಕುವಾಗ ತಮ್ಮ ದಿನದ ಸುಖದುಃಖವನ್ನು ಮೌಖಿಕವಾಗಿ ವರದಿ ಮಾಡತಕ್ಕದ್ದು."

ಕಷ್ಟಕಾಲಕ್ಕೆ ದೇವಿದಾಸರಿಗೆ ಒಬ್ಬರೇ ದಿಕ್ಕು. ಕಂಪ್ಯೂಟರಿಗೆ ಓಡಿ ಜ್ಞಾಪನವನ್ನು ಅಕ್ಷರಶಃ ನಕಲು ಮಾಡಿ, ಇದರಿಂದ ಪಾರಾಗಲು ಮಾರ್ಗದರ್ಶನ ಕೋರಿ ಮಧುಕರರಿಗೆ ಕಳಿಸಿದರು. ಹತ್ತೇ ನಿಮಿಷದಲ್ಲಿ ಉತ್ತರ ಬಂತು:

"ಸದರಿ ಜ್ಞಾಪನದ ಕರಡನ್ನು ಶ್ರೀಮತಿ ಜಯಂತಿಬಾಯಿಯವರ ಕೋರಿಕೆಯ ಮೇರೆಗೆ ಕೆಳಗೆ ಸಹಿ ಮಾಡಿದವನೇ ತಯಾರಿಸಿರುತ್ತಾನೆ. ಪಾಲಿಸುವುದು."

ದೇವಿದಾಸರು ಅಂಗಿಯ ತೋಳು ಮಡಚಿ ಎಣ್ಣೆ ಬಿಸಿ ಮಾಡಲು ಒಳಗೆ ಹೋದರು. ತಿಕ್ಕುತ್ತ ತಿಕ್ಕುತ್ತ ಹಾಳೆಯನ್ನು ಇನ್ನೊಮ್ಮೆ ಓದಿದರು. ಆದೇಶ ಎಂದಿನವರೆಗೆ ಎಂಬ ಕೊನೆಯ ದಿನಾಂಕ ಎಲ್ಲೂ ನಮೂದಾಗಿರಲಿಲ್ಲ. ಮೂವತ್ತು ವರ್ಷ ಅರ್ಜಿ ಬರೆದವರು ಅಂಥದ್ದನ್ನು ಮರೆತು ಬಿಡುವವರಲ್ಲ.